ಅಳಿಸಿದೆ ಎಂದುಕೊಂಡ ಸಾಲು

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟರೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಹತ್ತಿರವಾಗುತ್ತಿದ್ದಂತೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಉದುರುತ್ತವೆ. ಆಮೇಲೆ ಬಂಡೀಪುರದ ಕಾಡು. ಪಿಎಚ್.ಡಿ. ಕೆಲಸಕ್ಕೆಂದು ಮೂರು ವರ್ಷದಿಂದ ನಾನು ಓಡಾಡುತ್ತಿರುವ ಹಾಡಿ ಆ ಕಾಡಿನ ಅಂಚಿನಲ್ಲಿ ಎಲ್ಲೋ ಒಂದು ಕಡೆ ಇದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದಂತೆ ತಿಳಿಯುತ್ತದೆ.

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದರ ಒಳಗಿದ್ದ ಜೇನುಕುರುಬರ, ಬೆಟ್ಟಕುರುಬರ ಎಷ್ಟೋ ಮನೆಗಳು ಈಗ ಅಂಚಿಗೆ ಬಂದು ಕೂತಿವೆ. ಒಳಗೆ ಬಿಟ್ಟು ಬಂದ ಜಾಗಗಳು ಅವರ ಮಾತಿನಲ್ಲಿ ಹೇಗೆ ಉಳಿದಿವೆ ಅನ್ನುವುದು ನನ್ನ ಸಂಶೋಧನೆಯ ವಿಷಯ. ಕೇಳಿ ಬರೆದುಕೊಂಡಿದ್ದನ್ನು ಕಂತುಕಂತಾಗಿ ಹಾಕಲು ನಾವು ಮೂರು ಜನ ಸೇರಿ ಒಂದು ಚಿಕ್ಕ ಜಾಲತಾಣ ಮಾಡಿದ್ದೆವು. ಪುಟಗಳನ್ನು ತಿದ್ದುವ ಕೆಲಸ ನನ್ನದು. ಅದಕ್ಕೆ ಬಳಸುವ ಸಾಫ್ಟ್‌ವೇರ್ ಅಂಥ ಕಷ್ಟದ್ದೇನಲ್ಲ. ಬರೆದು, ಮೇಲೆ ಬಲಗಡೆಯಿರುವ ಗುಂಡಿ ಒತ್ತಿದರೆ ಆಯಿತು.

ಹೋದ ಆಗಸ್ಟಿನಲ್ಲಿ, ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು ಹಳದಿ ಕಕ್ಕುತ್ತಿದ್ದ ದಿನಗಳಲ್ಲಿ, ಹಾಡಿಯ ಅಜ್ಜಿಯೊಬ್ಬರು ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು. ಅವರ ಮಾತುಗಳ ಪುಟ ಹಾಕಿ ಒಂದು ವಾರವಾಗಿತ್ತು. ಮೊಮ್ಮಗ ಅದನ್ನು ಫೋನಿನಲ್ಲಿ ಓದಿ ಹೇಳಿದ್ದನಂತೆ. ಅದರಲ್ಲಿ ಒಂದು ಕಡೆ ಅಜ್ಜಿ, ಯಾವ ಹಳ್ಳದ ಯಾವ ಮಗ್ಗುಲಿನ ಮರದಲ್ಲಿ ಹೆಜ್ಜೇನು ಕಟ್ಟುತ್ತದೆ, ಹೋದ ವರ್ಷವೂ ತಮ್ಮನ ಮಗ ಅಲ್ಲಿಂದ ಹೇಗೆ ಇಳಿಸಿ ತಂದ ಅನ್ನುವುದನ್ನು ಸಂಭ್ರಮದಿಂದ ಹೇಳಿದ್ದರು. ನಾನೂ ಅಷ್ಟೇ ಸಂಭ್ರಮದಿಂದ ಬರೆದು ಹಾಕಿದ್ದೆ.

"ಅದೊಂದ ತಗದ್ಬುಡು ಕೂಸೇ," ಅಂದರು. "ಫಾರೆಸ್ಟ್ನೋರು ನೋಡುದ್ರ ಹುಡುಗುನ್ ಮ್ಯಾಲ ಕೇಸಾಯ್ತದ."

ಹೆದರಿಕೆ ಸುಳ್ಳಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನು ಕಿರು ಅರಣ್ಯ ಉತ್ಪನ್ನ, ಅದನ್ನು ತರುವುದು ಕಾಡಿನ ಜನರ ಹಕ್ಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಅದೇ ಜೇನು ಕಳ್ಳಮಾಲು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಕೈಗೆ ಬಂತು. ಅಜ್ಜಿಯ ಹಾಡಿಗೆ ಬಂದಿಲ್ಲ. ಹಕ್ಕಿನ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿಯನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಹಕ್ಕು ಮತ್ತು ಕಳ್ಳತನದ ನಡುವೆ ಆ ಚೀಟಿಯಷ್ಟೇ ಇರುವವರ ಮಾತನ್ನು, ಮರದ ಗುರುತಿನ ಸಮೇತ ಊರಿಗೆಲ್ಲ ಕಾಣುವ ಹಾಗೆ ಹಾಕಿದ್ದೆನಲ್ಲ, ಆ ಮೊದಲ ತಪ್ಪಿನ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಹೇಳಹೊರಟಿರುವುದು ಎರಡನೆಯ ತಪ್ಪು.

ಅಲ್ಲೇ, ಆಗಲೇ ತೆಗೆಯೋಣ ಅಂದುಕೊಂಡೆ. ಲ್ಯಾಪ್‌ಟಾಪ್ ತೆರೆದು, ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಪುಟ ತೆರೆದೆ. ಅದು ತೆರೆದುಕೊಳ್ಳುವಷ್ಟು ನೆಟ್‌ವರ್ಕ್ ಇತ್ತು. ಆರು ಸಾಲಿನ ಆ ಪ್ಯಾರಾವನ್ನು ಆರಿಸಿ ಅಳಿಸಿದೆ. ಗುಂಡಿ ಒತ್ತಿದೆ. ಚಕ್ರ ತಿರುಗಿತು. ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿ, "ನೋಡಿ ಅಜ್ಜಿ, ತೆಗೆದೆ" ಅಂದೆ. ಮೊಮ್ಮಗ ಬಗ್ಗಿ ನೋಡಿ, "ಹ್ಞೂ ಕನಜ್ಜಿ, ಇಲ್ಲ ಈಗ" ಅಂದ. ಪರದೆಯ ಮೇಲ್ತುದಿಯಲ್ಲಿ ಕೆಂಪು ಬಣ್ಣದ ತೆಳ್ಳಗಿನ ಪಟ್ಟಿಯೊಂದು ಬಂದ ನೆನಪಿದೆ. ಇಂಥ ಪಟ್ಟಿಗಳು ದಿನಕ್ಕೆ ಹತ್ತು ಬರುತ್ತವೆ, ಹೊಸ ಆವೃತ್ತಿ ಬಂದಿದೆ, ಇದನ್ನು ಕೊಳ್ಳಿ, ಅದನ್ನು ಹಾಕಿಕೊಳ್ಳಿ ಅಂತ. ಕೈ ತಾನಾಗಿಯೇ ಅದರ ಇಂಟು ಗುರುತನ್ನು ಒತ್ತಿತು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿ, ಮುಚ್ಚಳ ಮುಚ್ಚಿ ಓಡಿದೆ. ಹಾಗೇ ಬಿಟ್ಟು ಹೊರಟರೆ ಬ್ರೌಸರ್ ಒಂದು ಮಾತು ಕೇಳುತ್ತದಲ್ಲ, ಪುಟ ಬಿಟ್ಟು ಹೋಗುತ್ತೀರಾ, ಬದಲಾವಣೆಗಳು ಉಳಿಯದೆ ಹೋಗಬಹುದು ಅಂತ, ಅದು ಕೇಳಲಿಲ್ಲ. ನಾನು ಪುಟವನ್ನು ಮುಚ್ಚಿರಲಿಲ್ಲ. ಮುಚ್ಚಳವನ್ನಷ್ಟೇ ಮುಚ್ಚಿದ್ದೆ. ಯಂತ್ರದ ಲೆಕ್ಕದಲ್ಲಿ ನಾನಿನ್ನೂ ಜಗಲಿಯ ಮೇಲೇ ಕೂತಿದ್ದೆ.

ಇಪ್ಪತ್ತಮೂರು ದಿನ ಕಳೆಯಿತು. ಮೈಸೂರಿನ ಗೆಳೆಯನೊಬ್ಬ ವಿಚಾರ ಸಂಕಿರಣಕ್ಕೆ ಬರೆದಿದ್ದ ಪ್ರಬಂಧದ ಕರಡು ಕಳಿಸಿದ. ಅದರ ಮೂರನೇ ಪುಟದಲ್ಲಿ ಹೆಜ್ಜೇನಿನ ಮರ ನಿಂತಿತ್ತು, ಹಳ್ಳದ ಹೆಸರಿನ ಸಮೇತ.

ಫೋನ್ ಮಾಡಿ, ಅದನ್ನು ತೆಗೆದು ಎಷ್ಟೋ ದಿನವಾಯಿತು, ನೀನು ಯಾವಾಗ ನಕಲು ಮಾಡಿಕೊಂಡೆ ಅಂತ ಕೇಳಿದೆ. ನಿನ್ನೆ ಅಂದ. ಸಾಧ್ಯವೇ ಇಲ್ಲ ಅಂದೆ. ಈಗಲೂ ಇದೆಯಲ್ಲೇ ಅಂದ. ನಾನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ, ಇಲ್ಲ. ನಿನ್ನ ಬ್ರೌಸರ್ ಹಳೆಯ ಪುಟವನ್ನು ಹಿಡಿದಿಟ್ಟುಕೊಂಡಿರುತ್ತದೆ, ಕ್ಯಾಶ್ ಖಾಲಿ ಮಾಡು ಅಂದೆ. ಮಾಡಿದ. ಇದೆ ಅಂದ. ನೀನು ಸರಿಯಾಗಿ ಮಾಡಿಲ್ಲ ಅಂದೆ. ಹೀಗೆ ಮುಕ್ಕಾಲು ಗಂಟೆ. ತಪ್ಪು ಅವನ ಕಡೆ ಇದೆ ಅನ್ನುವುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ನನ್ನ ಕಣ್ಣೆದುರಿಗೇ ಇಲ್ಲವಲ್ಲ!

ಕೊನೆಗೆ, ಅವನ ಬಾಯಿ ಮುಚ್ಚಿಸಲೆಂದೇ, ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲಿ ಪುಟವನ್ನು ತೆರೆದೆ. ಅಂದರೆ ನಾನು ಯಾರೆಂದು ತಾಣಕ್ಕೆ ಗೊತ್ತಾಗದ ಹಾಗೆ, ದಾರಿಹೋಕಳಂತೆ. ಆರೂ ಸಾಲುಗಳು ಹಾಗೇ ಇದ್ದವು.

ಆಗಿದ್ದು ಇಷ್ಟು. ಇಂಥ ಸಾಫ್ಟ್‌ವೇರಿನಲ್ಲಿ ನಾವು ತಿದ್ದುವಾಗ ಆ ತಿದ್ದುಪಡಿ ಮೊದಲು ಇರುವುದು ನಮ್ಮ ಬ್ರೌಸರಿನ ನೆನಪಿನಲ್ಲಿ ಮಾತ್ರ. ಗುಂಡಿ ಒತ್ತಿದಾಗ ಅದು ಸರ್ವರಿಗೆ ಹೋಗಿ, ಅಲ್ಲಿನ ದತ್ತಾಂಶದಲ್ಲಿ ಕೂತು, ಕೂತೆ ಅಂತ ಉತ್ತರ ಬರಬೇಕು. ನನ್ನದು ಹೋಗುವ ದಾರಿಯಲ್ಲೇ ಬಿದ್ದುಹೋಗಿತ್ತು. ಕೆಂಪು ಪಟ್ಟಿ ಹೇಳಿದ್ದು ಅದನ್ನೇ. ಆದರೆ ಬರೆಯುವವರ ಶ್ರಮ ಹಾಳಾಗಬಾರದು ಅಂತ ಸಾಫ್ಟ್‌ವೇರ್ ಕೆಲವು ಸೆಕೆಂಡಿಗೊಮ್ಮೆ ಒಂದು ಪ್ರತಿಯನ್ನು ಅದೇ ಯಂತ್ರದಲ್ಲಿ ಎತ್ತಿಡುತ್ತದೆ. ಮುಂದಿನ ಸಲ ನಾನು ಪುಟ ತೆರೆದಾಗ ಆ ಪ್ರತಿಯನ್ನೇ ಮುಂದಿಟ್ಟಿತು. ನಾನು ನೋಡುತ್ತಿದ್ದುದು ಪುಟವನ್ನಲ್ಲ, ತಿದ್ದುವ ಕಿಟಕಿಯನ್ನು. ಪ್ರಕಟವಾದ ಪುಟಕ್ಕೆ ಆ ಪ್ರತಿ ತಾನಾಗಿ ಸೇರುವುದಿಲ್ಲ. ಸೇರಬಾರದು ಕೂಡ. ಅರ್ಧ ಬರೆದ ವಾಕ್ಯ, ಸಿಟ್ಟಿನಲ್ಲಿ ಕುಟ್ಟಿದ ಮಾತು ನಮಗೆ ಗೊತ್ತಿಲ್ಲದೆ ಊರಿಗೆ ಕಾಣಿಸಿಬಿಟ್ಟರೆ? ವಿಕಿಪೀಡಿಯದಲ್ಲಿ ಬಹಳ ಕಾಲ ಆ ಗುಂಡಿಯ ಮೇಲೆ 'ಪುಟ ಉಳಿಸಿ' ಎಂಬ ಅರ್ಥದ ಮಾತಿತ್ತು. 2016ರಿಂದೀಚೆಗೆ ಅದನ್ನು 'ಪ್ರಕಟಿಸಿ' ಎಂಬರ್ಥಕ್ಕೆ ಬದಲಾಯಿಸುತ್ತಾ ಬಂದರು. ಒತ್ತಿದ್ದು ಲೋಕಕ್ಕೆ ಕಾಣುತ್ತದೆ ಅನ್ನುವುದು ಹೊಸಬರಿಗೆ ತಿಳಿಯಲಿ ಅಂತ. ಉಳಿಸುವುದು ನಮಗಾಗಿ, ಪ್ರಕಟಿಸುವುದು ಬೇರೆಯವರ ಎದುರಿಗೆ. ನನ್ನ ತಿದ್ದುಪಡಿ ಉಳಿದಿತ್ತು. ನನಗಾಗಿ ಮಾತ್ರ.

ಗುಂಡಿ ಒತ್ತಿ, ಉತ್ತರಕ್ಕೆ ಕಾದು, ಖಾಸಗಿ ಕಿಟಕಿಯಲ್ಲಿ ನೋಡಿ ಗಟ್ಟಿಮಾಡಿಕೊಂಡೆ. ಎರಡು ನಿಮಿಷದ ಕೆಲಸ. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಾನು ಅಜ್ಜಿಗೆ ಸುಳ್ಳು ಹೇಳಿದೆನೇ? ಸುಳ್ಳು ಹೇಳುವವರಿಗೆ ನಿಜ ಗೊತ್ತಿರುತ್ತದೆ. ನನಗೆ ಗೊತ್ತಿರಲಿಲ್ಲ. ಕೊಟ್ಟ ಮಾತಿಗೆ ತಪ್ಪಿದೆನೇ? ತಪ್ಪುವವರು ಮರೆಯುತ್ತಾರೆ, ಇಲ್ಲವೇ ಬೇಡವೆಂದು ಬಿಡುತ್ತಾರೆ. ನಾನು ಕೂತಲ್ಲೇ ಮಾಡಿದ್ದೆ. ನಮ್ಮಲ್ಲಿ ತ್ರಿಕರಣ ಶುದ್ಧಿ ಅನ್ನುತ್ತಾರೆ. ಮನಸ್ಸು, ಮಾತು, ಕೃತಿ ಮೂರೂ ಒಂದಾಗಿರಬೇಕು. ಮನಸ್ಸಿತ್ತು. ಮಾತು ಆಡಿದೆ. ಬೆರಳು ಗುಂಡಿಯನ್ನೂ ಒತ್ತಿತು. ಮೂರೂ ಒಂದಾಗಿದ್ದವು, ಆದರೆ ಲೋಕದಲ್ಲಿ ಮಾತ್ರ ಏನೂ ಆಗಿರಲಿಲ್ಲ. ಹಳೆಯ ಕಾಲದ ಕೃತಿಗೆ ಈ ಕಷ್ಟವಿರಲಿಲ್ಲವೇನೋ. ಗೋಡೆಯ ಮೇಲೆ ಬರೆದದ್ದನ್ನು ಒರೆಸಿದರೆ ಒರೆಸಿದವರಿಗೂ ನೋಡುವವರಿಗೂ ಗೋಡೆ ಒಂದೇ. ನನ್ನ ಗೋಡೆ ಎರಡಾಗಿತ್ತು.

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆಯುತ್ತಾ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ಅವನದೇನೂ ತಪ್ಪಿಲ್ಲ, ಆದರೂ ಒಂದು ಮಗು ಅವನ ಲಾರಿಗೆ ಸಿಕ್ಕಿ ಸಾಯುತ್ತದೆ. ನೋಡಿದ ಎಲ್ಲರಿಗೂ ದುಃಖವಾಗುತ್ತದೆ. ಚಾಲಕನ ದುಃಖ ಮಾತ್ರ ಬೇರೆ ಥರದ್ದು, ಯಾಕೆಂದರೆ ಅದು ಅವನ ಕೈಯಿಂದ ಆದದ್ದು. ನಿನ್ನದೇನೂ ತಪ್ಪಿಲ್ಲ ಬಿಡಪ್ಪ ಅಂತ ನಾವೇ ಸಮಾಧಾನ ಹೇಳುತ್ತೇವೆ, ಹಾಗಿದ್ದೂ ಅವನು ಆ ಸಮಾಧಾನವನ್ನು ತಟ್ಟನೆ ಒಪ್ಪಿಕೊಂಡುಬಿಟ್ಟರೆ ನಮಗೇ ಏನೋ ಕಸಿವಿಸಿ. ಲಾರಿ ಅಂದರೆ ಗುಂಡ್ಲುಪೇಟೆಯವರಿಗೆ ಬೇರೆ ವಿವರಣೆ ಬೇಡ. ಬಂಡೀಪುರ ಸೀಳಿಕೊಂಡು ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಗಾಡಿ ಓಡಾಟ ನಿಂತಿದ್ದು 2009ರಲ್ಲಿ. ಜಿಂಕೆ, ಆನೆಗಳು ಚಕ್ರಕ್ಕೆ ಸಿಗುತ್ತಿದ್ದವು. ಅಲ್ಲಿನ ಚಾಲಕರಲ್ಲಿ ಯಾರೂ ಜಿಂಕೆ ಕೊಲ್ಲಬೇಕು ಅಂತ ಹೊರಟವರಲ್ಲ. ಒಬ್ಬೊಬ್ಬ ಚಾಲಕನ ಮನಸ್ಸನ್ನು ಬಗೆದು ನೋಡುವುದು ಕಾನೂನಿನ ಕೈಲಾಗುವ ಕೆಲಸವಲ್ಲ. ಅದು ಗೇಟು ಹಾಕಿತು.

ವಿಲಿಯಮ್ಸರ ಚಾಲಕನಿಗಿಂತ ನಾನು ಕೆಳಗೆ, ನನ್ನ ಅದೃಷ್ಟ ಅವನದಕ್ಕಿಂತ ಮೇಲೆ. ಅವನದು ತಪ್ಪಿಲ್ಲ, ನನ್ನದು ಇದೆ. ಕೆಂಪು ಪಟ್ಟಿಯನ್ನು ಓದದೆ ಮುಚ್ಚಿದವಳು ನಾನು. ಅವನಿಂದ ಒಂದು ಜೀವ ಹೋಯಿತು, ನನ್ನಿಂದ ಏನೂ ಆಗಲಿಲ್ಲ. ಆ ಇಪ್ಪತ್ತಮೂರು ದಿನಗಳಲ್ಲಿ ಪುಟಕ್ಕೆ 41 ಭೇಟಿಗಳು ಅಂತ ಲೆಕ್ಕ ತೋರಿಸಿತು. ಅದರಲ್ಲಿ ಕೆಲವು ನನ್ನವೇ. ಹಾಡಿಗೆ ಯಾರೂ ಬರಲಿಲ್ಲ, ಯಾರನ್ನೂ ಕೇಳಲಿಲ್ಲ. ಬಂದಿದ್ದರೆ? ಅದೇ ಬೆರಳು, ಅದೇ ಇಂಟು ಗುರುತು, ಅದೇ ಬಸ್ಸಿನ ಹಾರ್ನ್. ನಾನು ಮಾಡಿದ್ದರಲ್ಲಿ ಒಂದು ಎಳೆಯೂ ಬದಲಾಗದೆ ನಾನೊಬ್ಬಳು ದೊಡ್ಡ ತಪ್ಪಿತಸ್ಥೆಯಾಗಿರುತ್ತಿದ್ದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇದಲ್ಲ. ಅಂದು ನೆಟ್‌ವರ್ಕ್ ಒಂದಿಷ್ಟೂ ಇರಲಿಲ್ಲ ಅಂತಿಟ್ಟುಕೊಳ್ಳಿ. "ಗುಂಡ್ಲುಪೇಟೆಗೆ ಹೋಗಿ ತೆಗೀತೀನಿ ಅಜ್ಜಿ" ಅಂದು ಬಂದಿರುತ್ತಿದ್ದೆ. ಬಸ್ಸಿನಲ್ಲಿ ನೆನಪಾಗುತ್ತಿತ್ತು. ರೂಮಿಗೆ ಬಂದು ಅನ್ನಕ್ಕಿಡುವಾಗ ನೆನಪಾಗುತ್ತಿತ್ತು. ಮುಳ್ಳಿನ ಹಾಗೆ ಚುಚ್ಚಿ ಚುಚ್ಚಿ, ಸೋಮಾರಿತನ ಮಾಡಿದರೂ ಮೂರನೇ ದಿನಕ್ಕಾದರೂ ತೆಗೆಸುತ್ತಿತ್ತು. ಮಾಡಿದೆ ಅನ್ನುವ ನೆಮ್ಮದಿ ಆ ಮುಳ್ಳನ್ನೇ ಕಿತ್ತು ಹಾಕಿತು. ಅಂದರೆ ಮಾಡದೆ ಇದ್ದಿದ್ದರೆ ಕೆಲಸ ಬೇಗ ಆಗುತ್ತಿತ್ತು. ಒಳ್ಳೆಯದನ್ನು ಮಾಡುವ ಆತುರವೇ ಅದು ಆಗದಂತೆ ನೋಡಿಕೊಂಡಿತು. ಆ ದಿನಗಳಲ್ಲಿ ನಾನು ಈ ಘಟನೆಯನ್ನು ಇಬ್ಬರು ಕಿರಿಯ ಸಂಶೋಧಕರಿಗೆ ಹೇಳಿಯೂ ಇದ್ದೆ, ಸಂಶೋಧನೆಯ ನೀತಿಗೆ ಉದಾಹರಣೆಯಾಗಿ! ಜನ ಕೇಳಿದರೆ ಅಲ್ಲೇ, ಅವರ ಕಣ್ಣೆದುರಿಗೇ ತೆಗೆಯಬೇಕು ಅಂತ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಹುಲಿಯ ಕಾಡಿನ ಪಕ್ಕದಲ್ಲಿ ಕೂತು ಮಾತು ಕೊಡುವುದರ ಬಗ್ಗೆ ಬರೆಯುವ ಕನ್ನಡದವರಿಗೆ ಪುಣ್ಯಕೋಟಿ ನೆನಪಾಗದೆ ಇರುವುದಿಲ್ಲ. ಗೋವಿನ ಹಾಡನ್ನು ಬೇಕಾದಷ್ಟು ರೀತಿಯಲ್ಲಿ ಓದಿದ್ದಾರೆ, ನಾನು ಹೊಸದೇನನ್ನೂ ಹೇಳಲಾರೆ. ಒಂದೇ ಒಂದು ಸಂಗತಿ ಈಗ ಕಣ್ಣಿಗೆ ಬೀಳುತ್ತಿದೆ. ಹಸು ಮಾತು ಉಳಿಸಿಕೊಂಡಳೋ ಇಲ್ಲವೋ ಅನ್ನುವುದು ತಿಳಿಯುವುದು ಹುಲಿಯ ಗವಿಯ ಬಾಗಿಲಲ್ಲಿ, ಹುಲಿಯ ಕಣ್ಣಿಗೆ. ಮಾತು ಪಡೆದವನ ಎದುರಿಗೆ ಹೋಗಿ ನಿಂತಾಗ. ದೊಡ್ಡಿಯಲ್ಲಿ ನಿಂತು ನಾನು ಹೊರಟೆ ಅಂದುಕೊಂಡರೆ ಸಾಲದು. ಅಜ್ಜಿ ಕೂಡ ತೆಗೆದದ್ದನ್ನು ತಮ್ಮ ಕಣ್ಣಾರೆ ನೋಡಿದರು ನಿಜ, ಆದರೆ ನನ್ನ ಪರದೆಯಲ್ಲಿ ನೋಡಿದರು. ನನ್ನ ದೊಡ್ಡಿಗೇ ಅವರನ್ನು ಕರೆದು ತೋರಿಸಿದ ಹಾಗೆ. ಮೊಮ್ಮಗನ ಜೇಬಿನಲ್ಲಿ ಫೋನ್ ಇತ್ತು. ಅದರಲ್ಲಿ ನೋಡಬೇಕು ಅಂತ ಮೂವರಿಗೂ ಹೊಳೆಯಲಿಲ್ಲ.

ತೆಗೆಯುವುದು ಅಂದರೆ ಎಷ್ಟು ತೆಗೆಯುವುದು ಅನ್ನುವ ಪ್ರಶ್ನೆ ಆಮೇಲೆ ಬಂತು. ಅಜ್ಜಿಯ ಲೆಕ್ಕದಲ್ಲಿ ಅದು ಕಾಗದವನ್ನು ಒಲೆಗೆ ಹಾಕಿದ ಹಾಗೆ. ಇಲ್ಲಿ ಹಾಗಲ್ಲ. ಪುಟದಿಂದ ಹೋದ ಸಾಲು ತಾಣದ ಹಳೆಯ ಆವೃತ್ತಿಗಳಲ್ಲಿ ಇರುತ್ತದೆ. ಅವನ್ನು ಬೇರೆಯಾಗಿ ಅಳಿಸಿದೆ. ಇಂಟರ್ನೆಟ್ ಆರ್ಕೈವ್ 1996ರಿಂದ ಜಗತ್ತಿನ ಪುಟಗಳನ್ನೆಲ್ಲ ನಕಲು ಮಾಡಿ ಇಡುತ್ತಿದೆ. ಅಲ್ಲಿ ಹುಡುಕಿದೆ, ನಮ್ಮ ಪುಟ ಇರಲಿಲ್ಲ. ಚಿಕ್ಕ ತಾಣವಾಗಿರುವುದರ ಲಾಭ. ಗೆಳೆಯ ತನ್ನ ಕರಡಿನಿಂದ ತೆಗೆದ, ನನ್ನ ಕ್ಷಮಾಪಣೆಗೆ ನಗಾಡಿದ ಕೂಡ. ಇನ್ನೂ ಒಂದು ಕಡೆ ಉಳಿದಿದೆ, ನನ್ನ ಧ್ವನಿಮುದ್ರಿಕೆಯಲ್ಲಿ. ಅದನ್ನು ಅಳಿಸಿಲ್ಲ. ಅಜ್ಜಿ ನಗುತ್ತಾ ಆ ಮರದ ಬಗ್ಗೆ ಹೇಳುವುದನ್ನು ಅಳಿಸಲು ಕೈ ಬರಲಿಲ್ಲ, ಅವರೂ ಹೇಳಿರಲಿಲ್ಲ. ಇದು ಸರಿಯೋ ಅಲ್ಲವೋ, ಇನ್ನೂ ತೀರ್ಮಾನಿಸಿಲ್ಲ.

ಉಳಿದಿದ್ದು, ಅಜ್ಜಿಗೆ ಹೇಳುವುದೋ ಬೇಡವೋ. ಮಾರ್ಗದರ್ಶಕರನ್ನು ಕೇಳಿದೆ. ಅಪಾಯ ಕಳೆದ ಮೇಲೆ ಹೇಳಿದರೆ ಅವರಿಗೆ ಸಿಗುವುದು ಭಯ ಮಾತ್ರ, ನಿನಗೆ ಸಿಗುವುದು ಹಗುರ, ನಿನ್ನ ಮನಸ್ಸಿನ ಭಾರ ಇಳಿಸಲಿಕ್ಕೆ ಅವರ ತಲೆ ಯಾಕೆ ಅಂದರು. ಈ ಮಾತಿಗೆ ಎದುರಾಡುವುದು ಸುಲಭವಲ್ಲ. ತಪ್ಪೊಪ್ಪಿಗೆಗಳಲ್ಲಿ ಬಹುಪಾಲು ಹೇಳುವವರ ಸುಖಕ್ಕೆ ಅನ್ನುವುದು ನನ್ನ ಅನುಭವವೂ ಹೌದು. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸ್ವೀಕೃತಿ ಚೀಟಿ ನೆನಪಾಗುತ್ತಿತ್ತು. ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗಕ್ಕೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಬೇಕು. ಅವರು ಕೇಳಿದಾಗಲೆಲ್ಲ ಒಬ್ಬರಲ್ಲ ಒಬ್ಬರು "ಆಗಿದೆ ಅಜ್ಜಿ, ಮೇಲಕ್ಕೆ ಕಳಿಸಿದ್ದೇವೆ" ಅಂದಿದ್ದಾರೆ. ಅವರಲ್ಲೂ ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ. ತಮ್ಮ ಮೇಜಿನಿಂದ ಕಳಿಸಿರುತ್ತಾರೆ. ತಮ್ಮ ಪರದೆಯಲ್ಲಿ ಆಗಿರುತ್ತದೆ. ಆ ಸಾಲಿನಲ್ಲಿ ನಾನೂ ಒಬ್ಬಳಾಗಿ ನಿಂತುಬಿಟ್ಟಿದ್ದೇನೆ ಅನ್ನಿಸಿದ ಮೇಲೆ ಮಾರ್ಗದರ್ಶಕರ ಮಾತು ಕೇಳಲಾಗಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ಹೋದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ನಾನೂ ಒಂದೆರಡು ಬೀಜ ತೆಗೆಯುತ್ತಾ, ಆದದ್ದನ್ನು ಆದಷ್ಟು ಸರಳವಾಗಿ ಹೇಳಿದೆ. ನೆಟ್‌ವರ್ಕಿನ ಮೇಲೆ ಹೇಳಲಿಲ್ಲ. ಕೆಂಪು ಪಟ್ಟಿ ಬಂದಿತ್ತು, ನಾನು ಓದಲಿಲ್ಲ ಅಂದೆ.

ಅಜ್ಜಿಯ ಕೈ ನಿಂತಿತು. "ಯಾರಾರ ನೋಡುದ್ರಾ?"

"ನಂಗೆ ಗೊತ್ತಿರೋ ಒಬ್ಬ ನೋಡ್ದ ಅಜ್ಜಿ. ಅವನು ನಮ್ಮೋನೇ. ಬೇರೆ ಯಾರು ನೋಡಿದ್ರು ಅಂತ ಹೇಳಕ್ಕಾಗಲ್ಲ."

ಬಹಳ ಹೊತ್ತು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಮೊಮ್ಮಗನನ್ನು ಕೂಗಿದರು. "ನಿನ್ ಫೋನ ತಕ್ಕ ಬಾ."

ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಮೂವರೂ ನಡೆದು ಹೋದೆವು. ಹುಡುಗ ಪುಟ ತೆರೆದ. ಆ ಸಾಲು ಇದೆಯೋ ಇಲ್ಲವೋ ಅಂತ ಹುಡುಕಿ ಹೇಳಲು ಹೊರಟವನನ್ನು ಅಜ್ಜಿ ತಡೆದರು. "ಮೊದಲಿಂದ ಓದು." ಅವನು ಮೊದಲಿನಿಂದ ಓದಿದ. ಹದಿನೈದು ನಿಮಿಷ, ಟ್ಯಾಂಕಿನ ಕಟ್ಟೆಗೆ ಒರಗಿ, ತಮ್ಮದೇ ಮಾತನ್ನು ಬೇರೆಯವರದೆನ್ನುವಂತೆ ಕೇಳಿಸಿಕೊಂಡರು. ಮರ ಬರಲಿಲ್ಲ. ಹಳ್ಳ ಬರಲಿಲ್ಲ. ಮುಗಿಯುತ್ತಾ ಬಂದಾಗ ಕೈ ಎತ್ತಿದರು.

"ನಮ್ ಮನಯವ್ರ ಹೆಸ್ರು ಬಂತಲ್ಲ, ಅದ್ಯಾಕ? ಅದ್ನೂ ತಗಿ."

ಹೋದ ಸಲ ಅದರ ಬಗ್ಗೆ ಏನೂ ಹೇಳಿರಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ. ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು ತೆರೆದೆ. ಹೆಸರು ಎರಡು ಕಡೆ ಇತ್ತು. ಎರಡನ್ನೂ ಅಳಿಸಿ ಗುಂಡಿ ಒತ್ತಿದೆ. ಚಕ್ರ ತಿರುಗತೊಡಗಿತು. ರಸ್ತೆಯ ಕಡೆಯಿಂದ ನಾಲ್ಕೂವರೆಯ ಬಸ್ಸಿನ ಹಾರ್ನ್ ಕೇಳಿಸಿತು.

"ಆಯ್ತಾ?" ಅಂದರು ಅಜ್ಜಿ.

"ಇನ್ನೂ ಇಲ್ಲ ಅಜ್ಜಿ," ಅಂದೆ. ಹುಡುಗ ತನ್ನ ಫೋನಿನಲ್ಲಿ ಪುಟವನ್ನು ಕೆಳಕ್ಕೆಳೆದು ಬಿಟ್ಟ, ಮತ್ತೆ ಎಳೆದು ಬಿಟ್ಟ. ಬಸ್ಸು ಹೋಯಿತು.